ಗಾಜಿನ ಭರಣಿಯೊಳಗಿನ ಹವಳ

ಹವಳವೆಂಬ ಮಾತು ಕಿವಿಗೆ ಬಿದ್ದೊಡನೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹಿರಿಯರ ಕಣ್ಣ ಮುಂದೆ ಬರುವುದು ಅಕ್ಕಸಾಲಿಗನ ಅಂಗಡಿಯೇ ಹೊರತು ಕಡಲಲ್ಲ. ಚಿನ್ನದ ಗುಂಡುಗಳ ನಡುವೆ ಪೋಣಿಸಿದ ಕೆಂಪು ಮಣಿ. ಜಾತಕದಲ್ಲಿ ಕುಜನ ಬಾಧೆಯಿದ್ದವರು ಉಂಗುರದಲ್ಲಿ ಧರಿಸುವ ಕಲ್ಲು. ಮುತ್ತು ಹವಳ ಎಂದು ಜೋಡಿಯಾಗಿಯೇ ಹೇಳುವ ನುಡಿಗಟ್ಟು. ಸಂಸ್ಕೃತದ ‘ಪ್ರವಾಳ’ವೇ ಪ್ರಾಕೃತದ ದಾರಿಯಿಂದ ಬಂದು ಹಳಗನ್ನಡದಲ್ಲಿ ‘ಪವಳ’ವಾಯಿತು. ಮುಂದೆ ಪಾಲು ಹಾಲಾದಂತೆ, ಪಗಲು ಹಗಲಾದಂತೆ, ಪವಳವು ಹವಳವಾಯಿತು. ತಮಿಳರು ಇಂದಿಗೂ ಪವಳವೆಂದೇ ಅನ್ನುತ್ತಾರೆ; ತೊಟ್ಟು ಕೆಂಪಾಗಿರುವ ಪಾರಿಜಾತಕ್ಕೆ ಅವರು ಪವಳಮಲ್ಲಿಗೆ ಎಂದು ಹೆಸರಿಟ್ಟಿದ್ದಾರೆ. ‘ಪ್ರವಾಳ’ಕ್ಕೆ ಚಿಗುರು ಎಂಬ ಅರ್ಥವೂ ಉಂಟು. ರತ್ನಗಳ ಪಟ್ಟಿಯಲ್ಲಿ ಸೇರಿಸಿದ ಪದಾರ್ಥಕ್ಕೆ ಗಿಡದ ಚಿಗುರಿನ ಹೆಸರನ್ನಿಟ್ಟವರಿಗೆ ಇದು ಕಲ್ಲೋ ಗಿಡವೋ ಎಂಬ ಸಂದೇಹ ಆಗಲೇ ಇತ್ತೆಂದು ತೋರುತ್ತದೆ. ಆ ಸಂದೇಹ ಹೇಗೆ ಪರಿಹಾರವಾಯಿತು, ಅದಕ್ಕೂ ಇಂದು ಪಟ್ಟಣಗಳ ಮನೆಗಳಲ್ಲಿ ಕಾಣುವ ಉಪ್ಪುನೀರಿನ ಮೀನುತೊಟ್ಟಿಗೂ ಏನು ಸಂಬಂಧ, ಆ ತೊಟ್ಟಿಗೂ ನಮ್ಮ ಕಡಲಿಗೂ ಏನು ಸಂಬಂಧ ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಆ ಕೆಂಪು ಮಣಿಯ ಊರನ್ನು ವಿಚಾರಿಸೋಣ. ನಮ್ಮ ಅಜ್ಜಿಯರ ಕೊರಳಿನಲ್ಲಿದ್ದ ಹವಳ ನಮ್ಮ ಕಡಲಿನದಲ್ಲ. ಅದು ಇಟಲಿ, ಫ್ರಾನ್ಸ್, ಉತ್ತರ ಆಫ್ರಿಕಗಳ ನಡುವಣ ಮೆಡಿಟರೇನಿಯನ್ ಸಮುದ್ರದ ಸರಕು. ಕೌಟಿಲ್ಯನ ಅರ್ಥಶಾಸ್ತ್ರವು ಕೋಶಕ್ಕೆ ಸೇರಿಸತಕ್ಕ ವಸ್ತುಗಳನ್ನು ಪರೀಕ್ಷಿಸುವ ಪ್ರಕರಣದಲ್ಲಿ ‘ಆಲಕಂದಕ’ವೆಂಬ ಪ್ರವಾಳವನ್ನು ಹೆಸರಿಸುತ್ತದೆ. ಈ ಆಲಕಂದವು ಈಜಿಪ್ಟಿನ ಅಲೆಕ್ಸಾಂಡ್ರಿಯವೇ ಎಂದು ವಿದ್ವಾಂಸರು ಊಹಿಸಿದ್ದಾರೆ. ರೋಮಿನ ಪ್ಲಿನಿ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ, ನಮ್ಮ ಹೆಂಗಸರು ಭಾರತದ ಮುತ್ತಿಗೆ ಎಷ್ಟು ಬೆಲೆ ಕೊಡುತ್ತಾರೋ ಭಾರತೀಯರು ನಮ್ಮ ಹವಳಕ್ಕೆ ಅಷ್ಟೇ ಬೆಲೆ ಕೊಡುತ್ತಾರೆ ಎಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೊ ಪಟ್ಟಣದ ಯೆಹೂದಿ ವರ್ತಕರು ಗೋವೆಗೆ ಹವಳ ಕಳುಹಿಸಿ ಅದಕ್ಕೆ ಪ್ರತಿಯಾಗಿ ವಜ್ರ ತರಿಸಿಕೊಳ್ಳುತ್ತಿದ್ದರು. ಗೋವೆಯಿಂದ ತೆಂಕಣ ರೇವುಗಳಿಗೆ ಹಡಗುಗಳ ಓಡಾಟ ಸದಾ ಇದ್ದೇ ಇತ್ತು. ಕುಂದಾಪುರದ ಮಗ್ಗುಲಿನ ಬಸರೂರು ಆ ರೇವುಗಳಲ್ಲಿ ಹೆಸರಾದದ್ದು. 1569ರಲ್ಲಿ ಪೋರ್ತುಗೀಸರು ಕೋಟೆ ಹಿಡಿದದ್ದೂ 1665ರಲ್ಲಿ ಶಿವಾಜಿ ಕಡಲ ದಾರಿಯಿಂದ ಬಂದು ದೋಚಿದ್ದೂ ಅಲ್ಲಿ ಸಂಪತ್ತು ಇದ್ದುದರಿಂದಲೇ. ಬಸರೂರಿನಿಂದ ಅಕ್ಕಿ ಹೋಗುತ್ತಿತ್ತೆಂಬುದು ಎಲ್ಲರಿಗೂ ಗೊತ್ತು. ಹೋದ ದೋಣಿ ಬರಿದೇ ಮರಳಿತೆಂದು ಯಾವ ವ್ಯಾಪಾರಿಯೂ ನಂಬಲಾರ.

ಹೀಗೆ ಎರಡು ಸಾವಿರ ವರ್ಷ ಕೊಂಡು ಮಾರಿದರೂ ಹವಳವೆಂದರೆ ಏನೆಂಬುದು ಕೊಂಡವರಿಗೂ ತಿಳಿಯಲಿಲ್ಲ, ಮಾರಿದವರಿಗೂ ತಿಳಿಯಲಿಲ್ಲ. ನೀರಿನಲ್ಲಿರುವಾಗ ಮೆತ್ತಗಿನ ಗಿಡ, ಗಾಳಿ ತಾಗಿದೊಡನೆ ಕಲ್ಲು ಎಂಬುದು ಬಹುಕಾಲದ ನಂಬಿಕೆ. 1706ರಲ್ಲಿ ಇಟಲಿಯ ಕೌಂಟ್ ಮಾರ್ಸಿಲ್ಯಿ ಎಂಬಾತ ಮಾರ್ಸೇಲ್ಸ್ ಪಟ್ಟಣದ ಬಳಿ, ಬೆಸ್ತರು ಆಗತಾನೆ ಎತ್ತಿದ ಹವಳದ ಕೊಂಬೆಯನ್ನು ಕಡಲ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಮುಳುಗಿಸಿಟ್ಟ. ಸ್ವಲ್ಪ ಹೊತ್ತಿನಲ್ಲಿ ಕೆಂಪು ಕೊಂಬೆಯ ಮೈಮೇಲೆಲ್ಲ ಎಂಟೆಂಟು ಎಸಳಿನ ಬಿಳಿಯ ಹೂಗಳು ಅರಳಿದವು! ನೀರಿನಿಂದ ತೆಗೆದರೆ ಮುಚ್ಚಿಕೊಂಡವು. ಮತ್ತೆ ಮುಳುಗಿಸಿದರೆ ಅರಳಿದವು. ಮಾರ್ಸಿಲ್ಯಿ ಹಿಗ್ಗಿದ, ಹವಳ ಗಿಡವೇ ಸರಿ ಎಂದು ಸಾರಿದ. ಅವನ ಜೊತೆ ಬಳಕೆಯಿದ್ದ ಮಾರ್ಸೇಲ್ಸಿನ ವೈದ್ಯ ಪೇಸೊನೆಲ್ 1725ರ ಸುಮಾರಿಗೆ ಉತ್ತರ ಆಫ್ರಿಕದ ತೀರದಲ್ಲಿ ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ನೋಡಿ, ಹೂವಿನ ಎಸಳುಗಳೆಂದುಕೊಂಡವು ಆಹಾರವನ್ನು ಹಿಡಿಯುವ ತೋಳುಗಳು, ಇದು ಪ್ರಾಣಿ ಎಂದು ಬರೆದ. ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿನ ಹಿರಿಯ ರೋಮರ್ ಈ ಮಾತನ್ನು ನಂಬಲಿಲ್ಲ. ಪಾಪ, ಯುವಕನ ಮರ್ಯಾದೆ ಉಳಿಯಲಿ ಎಂದು ಲೇಖಕನ ಹೆಸರನ್ನು ಹೇಳದೆಯೇ ಆ ವಿಷಯವನ್ನು ಸಭೆಯ ಮುಂದಿಟ್ಟು ಅಲ್ಲಗಳೆದರಂತೆ. ಇಂಥ ದಯೆಯನ್ನು ವಿಶ್ವವಿದ್ಯಾಲಯಗಳಲ್ಲಿ ದುಡಿದವರೆಲ್ಲ ಒಂದಲ್ಲ ಒಂದು ಸಲ ಕಂಡಿರುತ್ತಾರೆ. 1742ರಲ್ಲಿ ಅದೇ ರೋಮರ್, ಪೇಸೊನೆಲ್ ಹೇಳಿದ್ದೇ ಸರಿಯೆಂದು ಮುದ್ರಿತವಾಗಿ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಪೇಸೊನೆಲ್ ಅಟ್ಲಾಂಟಿಕದ ಆಚೆ ಗ್ವಾಡಲೂಪ್ ದ್ವೀಪವನ್ನು ಸೇರಿಕೊಂಡಿದ್ದ.

ನಾವು ಗಮನಿಸಬೇಕಾದುದು ಆ ಗಾಜಿನ ಪಾತ್ರೆ. ಕಡಲ ತಳದಲ್ಲಿ ಹವಳವನ್ನು ಕಂಡವರು ಸಾವಿರಾರು ಮಂದಿ ಇದ್ದಿರಬಹುದು. ಅದನ್ನು ಕುಳಿತು ನೋಡುವುದು ಸಾಧ್ಯವಾದದ್ದು ಅದನ್ನು ಜೀವಂತವಾಗಿ ಮೇಜಿನ ಮೇಲೆ ತಂದಿಟ್ಟ ಮೇಲೆ. ಆದರೆ ಪಾತ್ರೆಯ ನೀರು ಒಂದೆರಡು ದಿನಗಳಲ್ಲಿ ಕೆಡುತ್ತಿತ್ತು, ಹವಳ ಸಾಯುತ್ತಿತ್ತು. ಬಹುಕಾಲ ಉಳಿಸಿದವರಲ್ಲಿ ಮೊದಲಿಗಳೆಂದು ಹೇಳಬೇಕಾದವಳು ಒಬ್ಬ ಗೃಹಿಣಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಇಗರ್ಜಿಯ ಪಾದ್ರಿಯ ಹೆಂಡತಿ ಆನಾ ಥಿನ್ 1846ರಲ್ಲಿ ಟಾರ್ಕೀ ಎಂಬ ಕಡಲೂರಿಗೆ ಹೋಗಿದ್ದಾಗ ಬಂಡೆಗೆ ಅಂಟಿಕೊಂಡಿದ್ದ ಕಲ್ಲುಹವಳದ ಜೀವಿಗಳನ್ನು ಕಂಡು ಮೆಚ್ಚಿ ಮನೆಗೆ ತಂದಳು. ದಾರಿಯಲ್ಲಿ ಕುಲುಕಾಡದಿರಲೆಂದು ಸೂಜಿದಾರ ಹಿಡಿದು ಅವನ್ನು ಒಂದು ಸ್ಪಂಜಿಗೆ ಹೊಲಿದಳು! ಲಂಡನ್ನಿಗೆ ಕಡಲ ನೀರನ್ನು ದೂರದಿಂದ ತರಿಸಬೇಕು. ತರಿಸಿದ ನೀರು ಕೆಡದಂತೆ ಮನೆಯ ಕೆಲಸದಾಕೆ ತೆರೆದ ಕಿಟಕಿಯ ಎದುರು ನಿಂತು ದಿನವೂ ಅರ್ಧ ಮುಕ್ಕಾಲು ಗಂಟೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅದನ್ನು ಎತ್ತಿ ಸುರಿಯಬೇಕು. ಕಾಫಿಯನ್ನು ಆರಿಸುವುದಕ್ಕೆ ನಾವು ಮಾಡುವ ಕೆಲಸವೇ ಇದು. ಇಲ್ಲಿ ಅದು ನೀರಿಗೆ ಗಾಳಿ ಬೆರೆಸುವ ಉಪಾಯ. ಮರುವರ್ಷ ಆಕೆ ಅದೇ ನೀರಿನಲ್ಲಿ ಜೀವಂತ ಕಡಲಪಾಚಿಯನ್ನೂ ಇಟ್ಟಳು. ಹವಳಗಳು ಬದುಕಿದ್ದಲ್ಲದೆ ಮರಿ ಹಾಕಿದವು. ಆ ಕೆಲಸದಾಕೆಯ ಹೆಸರನ್ನು ಚರಿತ್ರೆ ಉಳಿಸಿಕೊಂಡಿಲ್ಲ. ಇಂದು ಮೀನುತೊಟ್ಟಿಯಲ್ಲಿ ಗುಳುಗುಳು ಎನ್ನುವ ವಿದ್ಯುತ್ ಪಂಪಿಗೆ ಮೂಲಪುರುಷ ಯಾರೆಂದು ಕೇಳಿದರೆ ಆಕೆಯ ರಟ್ಟೆಯನ್ನೇ ತೋರಿಸಬೇಕು.

ಆನಾ ಥಿನ್‌ಳ ಟಿಪ್ಪಣಿಗಳನ್ನು 1859ರಲ್ಲಿ ಪ್ರಕಟಣೆಗೆ ಸಿದ್ಧಪಡಿಸಿಕೊಟ್ಟವನು ಫಿಲಿಪ್ ಹೆನ್ರಿ ಗಾಸ್. ‘ಅಕ್ವೇರಿಯಂ’ ಎಂಬ ಮಾತನ್ನು ಇಂದಿನ ಅರ್ಥದಲ್ಲಿ ರೂಢಿಗೆ ತಂದವನು ಅವನೇ. 1854ರಲ್ಲಿ ಅವನ ಪುಸ್ತಕ ಹೊರಬಂದಿತು. ಅದರ ಹಿಂದಿನ ವರ್ಷ ಲಂಡನ್ ಮೃಗಾಲಯದಲ್ಲಿ ‘ಮೀನಿನ ಮನೆ’ ತೆರೆದಿತ್ತು. ಕಡಲಿನಿಂದ ದೂರವಿರುವವರು ನಾಲ್ಕಾರು ಲವಣಗಳನ್ನು ಬೆರೆಸಿ ಮನೆಯಲ್ಲೇ ಕಡಲ ನೀರನ್ನು ತಯಾರಿಸುವ ಕ್ರಮವನ್ನೂ ಗಾಸ್ ಪ್ರಕಟಿಸಿದ. 1845ರಲ್ಲಿ ಗಾಜಿನ ಮೇಲಿನ ಸುಂಕವನ್ನು ಸರಕಾರ ತೆಗೆದುಹಾಕಿತ್ತು. ರೈಲು ಜನರನ್ನು ಕಡಲ ದಂಡೆಗೆ ಕರೆದೊಯ್ಯುತ್ತಿತ್ತು. ಸುಂಕವಿಲ್ಲದ ಗಾಜು, ಅಗ್ಗದ ರೈಲು, ಚೆನ್ನಾಗಿ ಬರೆದ ಪುಸ್ತಕ, ಇವು ಮೂರೂ ಸೇರಿದ ಮೇಲೆ ಕೇಳಬೇಕೆ? ಇಂಗ್ಲೆಂಡಿನ ಮಧ್ಯಮವರ್ಗದ ಮನೆಮನೆಯಲ್ಲಿ ತೊಟ್ಟಿ ಬಂದಿತು. ಗಾಸನ ಮಗ ಎಡ್ಮಂಡ್ 1907ರಲ್ಲಿ ತಂದೆಯ ನೆನಪುಗಳನ್ನು ಬರೆದಾಗ, ತಾನು ಬಾಲ್ಯದಲ್ಲಿ ಕಂಡ ಡೆವನ್ ತೀರದ ಬಂಡೆಗುಂಡಿಗಳು ಬರಿದಾದುದಕ್ಕೆ ಮರುಗಿದ್ದಾನೆ. ಸಂಗ್ರಹಕಾರರ ದಂಡು ಅವನ್ನು ಕೆರೆದು ಬಳಿದುಕೊಂಡು ಹೋಗಿತ್ತು. ಆ ದಂಡಿಗೆ ದಾರಿ ತೋರಿಸಿದ್ದು ತಂದೆಯ ಪುಸ್ತಕಗಳೇ ಎಂಬುದನ್ನು ಮಗ ಮುಚ್ಚಿಟ್ಟಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ನಮ್ಮ ದೇಶದ ಕಾನೂನಿನ ಮಾತು ಬಂದಾಗ ಇದು ಬೇಕಾಗುತ್ತದೆ.

ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಮದರಾಸಿನ ಮರೀನ ದಂಡೆಯಲ್ಲಿ 1909ರಲ್ಲಿ ಕಡಲ ಮೀನುಗಳ ಅಕ್ವೇರಿಯಂ ತೆರೆಯಿತು. ಏಷ್ಯಾ ಖಂಡದಲ್ಲೇ ಮೊದಲಿನವುಗಳ ಸಾಲಿಗೆ ಸೇರಿದ್ದು ಅದು. ಅದರ ಹಿಂದಿದ್ದವರು ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಿಂದ ಥರ್ಸ್ಟನ್ನರ ಹೆಸರು ನಮಗೆ ಪರಿಚಿತ. ಆ ಸಂಪುಟಗಳು ಬಂದದ್ದೂ 1909ರಲ್ಲಿಯೇ. ಅವರು ಮನ್ನಾರ್ ಖಾರಿಯ ಮುತ್ತು, ಶಂಖ, ಹವಳಗಳ ವಿಷಯದಲ್ಲಿಯೂ ದುಡಿದವರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಜಪಾನೀಯರ ದಾಳಿಯ ಭೀತಿಯಿಂದ ಆ ಅಕ್ವೇರಿಯಂ ಮುಚ್ಚಿತು. ಮುಂದೆ 1951ರಲ್ಲಿ ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ತಾರಾಪೋರವಾಲಾ ಮತ್ಸ್ಯಾಲಯ ಆರಂಭವಾಯಿತು. ಹೋಟೆಲಿನ ಕೆಲಸಕ್ಕೆ ಮುಂಬಯಿಗೆ ಹೋದ ನಮ್ಮ ಊರುಗಳ ಎಷ್ಟೋ ಮಂದಿ ಬಣ್ಣದ ಕಡಲ ಮೀನುಗಳನ್ನು ಮೊದಲು ನೋಡಿದ್ದು ಅಲ್ಲಿ. ಕಡಲ ಕರೆಯಲ್ಲಿ ಹುಟ್ಟಿ ಬೆಳೆದವರು ಕಡಲಿನ ಒಳಗನ್ನು ಟಿಕೆಟು ಕೊಟ್ಟು ನೋಡಿದರು.

ಇಲ್ಲಿ ಒಂದು ಮರೆತ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಹವಳದಿಂದಲೇ ಆದ ಐದು ದ್ವೀಪಗಳು ಒಂದು ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಈ ಗುಂಪಿಗೆ ಅಮೀನ್‌ದೀವಿ ಎಂದು ಹೆಸರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ದ್ವೀಪವಾಸಿಗಳು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ದ್ವೀಪಗಳು ಅವನ ವಶಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕುಂಪಣಿ ಸರಕಾರ ಅವನ್ನು ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಪ್ಪಿಸಿತು. ಮಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದ ಅಮಿನಿಯಲ್ಲಿ ಒಬ್ಬ ಮಣೇಗಾರ. ಅವನ ಮೇಲೆ ಕಲೆಕ್ಟರ್. ಮಳೆಗಾಲ ಕಳೆದೊಡನೆ ದ್ವೀಪದವರ ಓಡಗಳು ತೆಂಗಿನ ನಾರಿನ ಹುರಿಯನ್ನು ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದವು. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯ; ಗೊತ್ತುಪಡಿಸಿದ ದರದಲ್ಲಿ ಹುರಿ ಒಪ್ಪಿಸಿ ಅಕ್ಕಿ ಪಡೆದು ಮರಳಬೇಕು. ಹವಳದ ದಿಬ್ಬದ ಮೇಲೆ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಅಲ್ಲಿ ಮನೆಯ ಗೋಡೆ ಹವಳದ ಕಲ್ಲು, ಗಾರೆಯ ಸುಣ್ಣವೂ ಹವಳ, ನಿಂತ ನೆಲವೂ ಹವಳ. ಉಣ್ಣುವ ಅನ್ನ ಮಾತ್ರ ನಮ್ಮ ಗದ್ದೆಯದು. 1956ರ ನವೆಂಬರ್ 1ರಂದು, ನಾವು ವಿಶಾಲ ಮೈಸೂರನ್ನು ಸೇರಿದ ದಿನವೇ, ಆ ದ್ವೀಪಗಳು ನಮ್ಮಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದವು. ನಾವು ಪಡೆದದ್ದರ ಸಂಭ್ರಮದಲ್ಲಿ ಕಳೆದುಕೊಂಡದ್ದರ ಕಡೆ ಯಾರೂ ಕಣ್ಣೆತ್ತಲಿಲ್ಲ. ಒಂದೂವರೆ ಶತಮಾನದ ಸಂಬಂಧ ನಮ್ಮ ಸಾಹಿತ್ಯದಲ್ಲಿ ಇಷ್ಟೂ ಗುರುತು ಬಿಡದೆ ಹೋದದ್ದು ನನಗೆ ಸೋಜಿಗವಾಗಿಯೇ ಉಳಿದಿದೆ.

ಇನ್ನು ಮನೆಯ ತೊಟ್ಟಿಗೆ ಬರೋಣ. ಇಂಗ್ಲೆಂಡಿನ ತೊಟ್ಟಿಗಳಲ್ಲಿದ್ದದ್ದು ತಣ್ಣನೆಯ ಕಡಲಿನ ಜೀವಿಗಳು. ಉಷ್ಣವಲಯದ ಹವಳವನ್ನು ಮನೆಯೊಳಗೆ ಬಹುಕಾಲ ಬಾಳಿಸಬಹುದೆಂದು ತೋರಿಸಿಕೊಟ್ಟವನು ಜಕಾರ್ತದ ಲೀ ಚಿನ್ ಎಂಗ್. 1961ರಲ್ಲಿ ಅಮೆರಿಕದ ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ಅವನು ತನ್ನ ವಿಧಾನವನ್ನು ವಿವರಿಸಿದ. ಅದರಲ್ಲಿ ಯಂತ್ರ ಕಡಮೆ. ಕಡಲ ನೀರು, ಬಿಸಿಲು, ಸಣ್ಣಗೆ ಏಳುವ ಗಾಳಿಗುಳ್ಳೆ, ಇವುಗಳ ಜೊತೆಗೆ ದಿಬ್ಬದಿಂದ ತಂದ ‘ಜೀವಂತ ಬಂಡೆ’, ಅಂದರೆ ಹುಳು ಹುಪ್ಪಟೆ ಪಾಚಿಗಳೊಡನೆ ಎತ್ತಿ ತಂದ ಸತ್ತ ಹವಳದ ಕಲ್ಲು. ಗುಟ್ಟಿದ್ದುದು ಆ ಕಲ್ಲಿನಲ್ಲಿ. ಮೀನಿನ ಮಲಮೂತ್ರಗಳಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ, ಅದು ವಿಷ. ಕಲ್ಲಿನ ರಂಧ್ರಗಳಲ್ಲಿ ನೆಲೆಸಿದ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟೇನೂ ಕೇಡಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಆ ಜೀವಾಣುಗಳು ತೊಟ್ಟಿಯಲ್ಲಿ ಬೇರೂರುವುದಕ್ಕೆ ನಾಲ್ಕಾರು ವಾರ ಬೇಕು. ತೊಟ್ಟಿ ಕೊಂಡ ದಿನವೇ ಮೀನು ಬಿಟ್ಟು ಮೂರನೆಯ ದಿನ ಅಳುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ.

ಹವಳದ ಪಾಡು ಇನ್ನೂ ಸೂಕ್ಷ್ಮ. ಅದರ ಮೈಯೊಳಗೆ ಒಂದು ಜಾತಿಯ ಸೂಕ್ಷ್ಮ ಪಾಚಿ ಬಿಡಾರ ಹೂಡಿರುತ್ತದೆ. ಪಾಚಿ ಬಿಸಿಲಿನಿಂದ ಅಡಿಗೆ ಮಾಡಿ ಹವಳಕ್ಕೂ ಬಡಿಸುತ್ತದೆ. ಹವಳ ಅದಕ್ಕೆ ಮನೆ ಕೊಟ್ಟಿದೆ. ಆದುದರಿಂದ ಬೆಳಕು ಸಾಲದಿದ್ದರೆ ಹವಳ ಉಪವಾಸ ಬೀಳುತ್ತದೆ. ನೀರಿನ ಉಪ್ಪು ಸಾವಿರಕ್ಕೆ 35 ಪಾಲಿನ ಸುಮಾರಿಗೆ ನಿಲ್ಲಬೇಕು, ಬಿಸಿ 25ರಿಂದ 27 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಬೇಕು, ಗೂಡು ಕಟ್ಟುವುದಕ್ಕೆ ಸುಣ್ಣದ ಅಂಶ ನೀರಿನಲ್ಲಿ ತೀರದಂತೆ ನೋಡಿಕೊಳ್ಳಬೇಕು. ತೊಟ್ಟಿಯ ನೀರು ಆವಿಯಾದಷ್ಟೂ ಉಪ್ಪು ಹೆಚ್ಚುತ್ತದೆ. ದಿನವೂ ಸಿಹಿನೀರು ಸೇರಿಸಬೇಕು. ಒಂದು ಹಸುವನ್ನು ಕಟ್ಟಿದಷ್ಟೇ ಕಟ್ಟುಪಾಡು. ಕಡಲು ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ.

ಕ್ಲೌನ್ ಮೀನಿನ ಕತೆಯೂ ಸ್ವಾರಸ್ಯವಾದದ್ದು. ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟೆ ಬಳಿದುಕೊಂಡ ಈ ಮೀನಿಗೆ ಇಂಗ್ಲಿಷಿನವರು ಸರ್ಕಸ್ಸಿನ ಕೋಡಂಗಿಯ ಹೆಸರಿಟ್ಟರು. ನಮ್ಮ ಯಕ್ಷಗಾನದವರು ನೋಡಿದ್ದರೆ ಹಾಸ್ಯಗಾರ ಎನ್ನುತ್ತಿದ್ದರೋ ಏನೋ. ಇದು ಕಡಲ ಹೂವೆಂಬ ಪ್ರಾಣಿಯ ತೋಳುಗಳ ನಡುವೆ ವಾಸಿಸುತ್ತದೆ. ಆ ತೋಳುಗಳು ಬೇರೆ ಮೀನುಗಳನ್ನು ಕುಟುಕಿ ಕೊಲ್ಲುತ್ತವೆ, ಇದನ್ನು ಮಾತ್ರ ಮುಟ್ಟುವುದಿಲ್ಲ. ಬೋರ್ನಿಯೋ ಕಡೆಯ ಕಡಲಿನಲ್ಲಿ ಈ ಸಹವಾಸವನ್ನು ಕಂಡು 1868ರಲ್ಲಿ ಬರೆದವನು ಕಾಲಿಂಗ್‌ವುಡ್ ಎಂಬ ಇಂಗ್ಲಿಷ್ ವೈದ್ಯ. ಒಂದು ಹೂವಿನಲ್ಲಿರುವ ಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು. ಉಳಿದವು ಇನ್ನೂ ಏನೂ ಆಗದ ಕಿರಿಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ, ಕಿರಿಯವುಗಳಲ್ಲಿ ಹಿರಿಯದು ಗಂಡಾಗುತ್ತದೆ. ಮೊಟ್ಟೆಯ ಕಾವಲು ಗಂಡಿನದು. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಎಂಬ ಚಿತ್ರದಿಂದ ಈ ಮೀನು ಮಕ್ಕಳ ಬಾಯಲ್ಲಿ ನೀಮೋ ಆಯಿತು. ಮೀನನ್ನು ತೊಟ್ಟಿಯಿಂದ ಬಿಡಿಸುವುದೇ ಆ ಚಿತ್ರದ ಕತೆ. ಅದನ್ನು ನೋಡಿ ಬಂದವರು ಅಂಗಡಿಗೆ ಹೋಗಿ ತೊಟ್ಟಿಗೆಂದು ಅದೇ ಮೀನನ್ನು ಕೇಳಿದರಂತೆ.

ಕುಂದಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಇಂಥ ಒಂದು ತೊಟ್ಟಿಯಿದೆ. ಎರಡು ಕ್ಲೌನ್ ಮೀನುಗಳು, ಸಿಮೆಂಟಿನಿಂದ ಮಾಡಿದ ಬಂಡೆ. ಮನೆಯ ಮಾಡಿನ ಮೇಲೆ ಹತ್ತಿದರೆ ಕೋಡಿಯ ಕಡಲು ಕಾಣುತ್ತದೆ. ಆದರೂ ತೊಟ್ಟಿಯ ನೀರಿಗೆ ಅವರು ಪೊಟ್ಟಣದ ಉಪ್ಪನ್ನು ಕೊಂಡು ತಂದು ಕರಗಿಸುತ್ತಾರೆ. ಗಾಸನ ಪಾಕವೇ ಹಲವು ತಿದ್ದುಪಡಿಗಳೊಡನೆ ಪೊಟ್ಟಣವಾಗಿ ಕುಂದಾಪುರಕ್ಕೆ ಬಂದಿದೆ. “ಇಷ್ಟು ದೊಡ್ಡ ಕಡಲು ಹಿತ್ತಿಲಲ್ಲೇ ಇರುವಾಗ ಇದೇನಯ್ಯ?” ಎಂದು ಕೇಳಿದೆ. “ಮಳೆಗಾಲದಲ್ಲಿ ಅದು ಕಡಲಲ್ಲ ಸರ್, ಹೊಳೆ” ಎಂದರು. ಯೋಚಿಸಿದರೆ ಎಷ್ಟು ನಿಜವಾದ ಮಾತು! ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಅಳಿವೆಯಲ್ಲಿ ಒಂದಾಗಿ ಕಡಲು ಸೇರುತ್ತವೆ. ಪಂಚಗಂಗಾವಳಿ ಎನ್ನುವುದು ಅದನ್ನೇ. ಉತ್ತರಕ್ಕೆ ಬೈಂದೂರು ಹೊಳೆ. ತೆಂಕಣಕ್ಕೆ ಬ್ರಹ್ಮಾವರದ ಬದಿಯಲ್ಲಿ ಸೀತಾ, ಸ್ವರ್ಣಾ ನದಿಗಳು ಹಂಗಾರಕಟ್ಟೆ, ಕೋಡಿಬೆಂಗ್ರೆಗಳ ಬಳಿ ಕಡಲಿಗೆ ಬೀಳುತ್ತವೆ. ಘಟ್ಟದ ಮಳೆ ಜೂನಿನಿಂದ ಸೆಪ್ಟೆಂಬರಿನವರೆಗೆ ಇವುಗಳ ಮೂಲಕ ಕೆಂಪು ಮಣ್ಣನ್ನು ಹೊತ್ತು ತರುತ್ತದೆ. ಅಳಿವೆಯ ನೀರು ಆಗ ಬಾಯಿಗೆ ಹಾಕಿದರೆ ಸಪ್ಪೆ.

ನಮ್ಮ ದಂಡೆಯಲ್ಲಿ ಹವಳದ ದಿಬ್ಬ ಇಲ್ಲದಿರುವುದಕ್ಕೆ ಕಾರಣವೂ ಇದೇ. ಹವಳಕ್ಕೆ ತಿಳಿನೀರು ಬೇಕು, ಒಂದೇ ಸಮನಾದ ಉಪ್ಪು ಬೇಕು. ಮಣ್ಣು ಮೈಮೇಲೆ ಕುಳಿತರೆ ಉಸಿರು ಕಟ್ಟುತ್ತದೆ. ಹೊಳೆಯ ಕೈ ಎಟುಕದಷ್ಟು ದೂರ ಹೋದರೆ ಹವಳ ಸಿಕ್ಕುತ್ತದೆ. ಬೈಂದೂರಿನಿಂದ ವಾಯವ್ಯಕ್ಕೆ, ಮುರ್ಡೇಶ್ವರದ ತೀರದಿಂದ ಸುಮಾರು ಹತ್ತು ನಾವಿಕ ಮೈಲಿ ದೂರದಲ್ಲಿ ನೇತ್ರಾಣಿ ಎಂಬ ಗುಡ್ಡದ್ವೀಪವಿದೆ. ಅದರ ಬುಡದ ಬಂಡೆಗಳ ಮೇಲೆ ಹವಳವೂ, ಹವಳವನ್ನು ಆಶ್ರಯಿಸಿದ ಬಣ್ಣದ ಮೀನುಗಳೂ ಇವೆ. ಮೇಲೆ ಕಡಲ ಹದ್ದುಗಳ ಗೂಡುಗಳಿವೆ. ಬಹುಕಾಲ ನೌಕಾಪಡೆಯವರು ಈ ದ್ವೀಪವನ್ನು ಗುಂಡಿನ ಗುರಿಯ ಅಭ್ಯಾಸಕ್ಕೆ ಬಳಸಿದರು. ಈಚಿನ ವರ್ಷಗಳಲ್ಲಿ ಮುಳುಗು ಹಾಕಿ ನೋಡುವ ಪ್ರವಾಸಿಗಳು ಬರುತ್ತಾರೆ. ಆಡಳಿತದಲ್ಲಿ ಅದು ಭಟ್ಕಳಕ್ಕೆ, ಉತ್ತರ ಕನ್ನಡಕ್ಕೆ ಸೇರಿದ್ದು. ಬೈಂದೂರು, ಬ್ರಹ್ಮಾವರಗಳು ಬೇರೆ ತಾಲ್ಲೂಕುಗಳಾದದ್ದು 2018ರಲ್ಲಿ; ಜಿಲ್ಲೆ ತಾಲ್ಲೂಕುಗಳ ಗೆರೆಗಳು ಹೀಗೆ ಆಗಾಗ ಸರಿಯುತ್ತಲೇ ಇರುತ್ತವೆ, ಹವಳಕ್ಕೆ ಅದರ ಗೊಡವೆಯಿಲ್ಲ.

ನೇತ್ರಾಣಿಯ ಹೆಸರನ್ನಾದರೂ ಹಲವರು ಕೇಳಿದ್ದಾರೆ. ಇನ್ನೊಂದರ ಹೆಸರು ಇಲ್ಲಿಯವರಿಗೇ ಹೊಸದು. ನಮ್ಮ ದೇಶದ ಮೊದಲ ಸಾಗರಸಂಶೋಧನಾ ಹಡಗು ‘ಗವೇಷಣಿ’. 1976ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸೇವೆಗೆ ಬಂದದ್ದು. ಆ ಹಡಗು ಮಲ್ಪೆಗೆ ಪಶ್ಚಿಮದಲ್ಲಿ ಸುಮಾರು 100 ಕಿಲೋಮೀಟರ್ ದೂರದಲ್ಲಿ ಕಡಲ ತಳವನ್ನು ಅಳೆಯುತ್ತಿದ್ದಾಗ ಒಂದು ಕಡೆ ತಳ ಇದ್ದಕ್ಕಿದ್ದಂತೆ ಮೇಲೆದ್ದು ನಿಂತಿರುವುದು ಕಂಡಿತು. ಎತ್ತಿ ನೋಡಿದರೆ ಜೀವಂತ ಹವಳ! ಸಂಸ್ಥೆಯ ವಿಜ್ಞಾನಿಗಳಾದ ನಾಯರ್ ಮತ್ತು ಖಾಸಿಂ 1978ರಲ್ಲಿ ಈ ಶೋಧವನ್ನು ಪ್ರಕಟಿಸಿದರು. ಇವರಲ್ಲಿ ಎಸ್. ಜೆಡ್. ಖಾಸಿಂ ಮುಂದೆ 1981ರಲ್ಲಿ ಹೊರಟ ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆಯ ನಾಯಕರು. ದಿಬ್ಬಕ್ಕೆ ಹಡಗಿನ ಹೆಸರನ್ನೇ ಇಟ್ಟು ಗವೇಷಣಿ ದಿಬ್ಬ ಎನ್ನುತ್ತಾರೆ. ಅದರ ನೆತ್ತಿ ನೀರಿನ ಮಟ್ಟದಿಂದ ಸುಮಾರು 40 ಮೀಟರ್ ಕೆಳಗಿದೆ. ನಕ್ಷೆಯಲ್ಲಿ ಅದರ ಅಕ್ಷಾಂಶವನ್ನು ಹಿಡಿದು ಪೂರ್ವಕ್ಕೆ ನೇರವಾಗಿ ಗೆರೆ ಎಳೆದರೆ ಅದು ಹೆಚ್ಚುಕಡಮೆ ಬ್ರಹ್ಮಾವರದ ಬಳಿಯಲ್ಲೇ ನೆಲವನ್ನು ಮುಟ್ಟುತ್ತದೆ. ಕೆಮ್ಮಣ್ಣು, ಹಂಗಾರಕಟ್ಟೆಗಳ ದಂಡೆಯಲ್ಲಿ ನಿಂತು ಸೂರ್ಯಾಸ್ತ ನೋಡುವವರು ತಮಗೆ ಗೊತ್ತಿಲ್ಲದೆಯೇ ಒಂದು ಹವಳದ ಬೆಟ್ಟಕ್ಕೆ ಎದುರಾಗಿ ನಿಂತಿರುತ್ತಾರೆ. ಘಟ್ಟದ ಮಣ್ಣು ಅಷ್ಟು ದೂರ ಹೋಗುವುದಿಲ್ಲ. ಕೋಟದಲ್ಲಿ ಹುಟ್ಟಿ, ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಮೂಲಕ ಜಗತ್ತಿನ ಸೋಜಿಗಗಳನ್ನು ಕನ್ನಡದ ಮಕ್ಕಳಿಗೆ ತಂದುಕೊಟ್ಟ ಶಿವರಾಮ ಕಾರಂತರ ಊರಿನ ಶಾಲೆಗಳಲ್ಲಾದರೂ ಈ ದಿಬ್ಬದ ಹೆಸರನ್ನು ಕಲಿಸಬೇಕು.

ಇನ್ನು ಕಾನೂನಿನ ಮಾತು. ತೊಟ್ಟಿಗೆ ಹವಳ ಬೇಕು, ಎಲ್ಲಿ ಸಿಗುತ್ತದೆ ಎಂದು ಕಾಲೇಜು ಹುಡುಗರು ಕೇಳುವುದುಂಟು. 2001ರ ಜುಲೈಯಲ್ಲಿ ಭಾರತ ಸರಕಾರವು ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕರಿಹವಳ, ಬೆಂಕಿಹವಳಗಳನ್ನೂ, ಬೀಸಣಿಗೆಯಾಕಾರದ ಹವಳಗಳನ್ನೂ, ಜೊತೆಗೆ ಕಡಲ ಕುದುರೆಯನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿ ಇರುವುದು ಆ ಅನುಸೂಚಿಯಲ್ಲಿಯೇ. ಮುರಿದು ತಂದರೂ, ಕೊಂಡು ಇಟ್ಟುಕೊಂಡರೂ ಮೂರರಿಂದ ಏಳು ವರ್ಷದವರೆಗೆ ಸೆರೆವಾಸ. ಹವ್ಯಾಸಿಗಳಲ್ಲಿ ಕೆಲವರು ಇದನ್ನು ಅತಿರೇಕವೆನ್ನುತ್ತಾರೆ. ಒಂದು ಮುಷ್ಟಿ ಹವಳದಿಂದ ಕಡಲಿಗೇನು ನಷ್ಟ ಎಂಬುದು ಅವರ ವಾದ. ನಾನು ಆ ಪಕ್ಷದವನಲ್ಲ. ಡೆವನ್ ತೀರದಲ್ಲಿ ಪ್ರತಿಯೊಬ್ಬರೂ ಒಯ್ದದ್ದು ಒಂದೊಂದು ಮುಷ್ಟಿಯೇ. ಅಲ್ಲಿಯಾದರೋ ಬಂಡೆ ಉದ್ದಕ್ಕೂ ಇತ್ತು. ನಮಗಿರುವುದು ಒಂದು ನೇತ್ರಾಣಿ.

ಕೈಯಿಂದ ಮುರಿಯದಿದ್ದರೂ ಹವಳ ಸಾಯುವ ಇನ್ನೊಂದು ದಾರಿ ಈಗ ತೆರೆದಿದೆ. ನೀರಿನ ಬಿಸಿ ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಹೀಗಾಯಿತು. ನಡುವಣ ಅಂತರವನ್ನು ಲೆಕ್ಕ ಹಾಕಿ ನೋಡಿ: ಹನ್ನೆರಡು ವರ್ಷ, ಆರು ವರ್ಷ, ಎಂಟು ವರ್ಷ. ಸತ್ತ ದಿಬ್ಬ ಮತ್ತೆ ತುಂಬಿಕೊಳ್ಳುವುದಕ್ಕೆ ಅಷ್ಟು ಕಾಲ ಸಾಲದು. ದ್ವೀಪಗಳ ಸುತ್ತ ಅಲೆಯ ಹೊಡೆತವನ್ನು ತಡೆದು ನಿಲ್ಲಿಸುವ ಗೋಡೆಯೇ ಆ ದಿಬ್ಬ. ಮಂಗಳೂರಿಗೆ ಹುರಿ ತಂದವರ ಮರಿಮಕ್ಕಳು ಮಲಗುವುದು ಆ ಗೋಡೆಯ ಒಳಗೆ.

ಮೀನಿನ ವಿಷಯದಲ್ಲಿ ಮಾತ್ರ ಹವ್ಯಾಸಿಗೆ ನೇರವಾದ ದಾರಿಯಿದೆ. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮೊಟ್ಟೆಯಿಡಿಸಿ ಮರಿ ಬೆಳೆಸುವ ಕ್ರಮವನ್ನು ರೂಪಿಸಿದ್ದಾರೆ. ಇಟ್ಟ ಮೊಟ್ಟೆ ಸುಮಾರು ಒಂದು ವಾರದಲ್ಲಿ, ಕತ್ತಲಾದ ಮೇಲೆ, ಒಡೆಯುತ್ತದೆ. ಹುಟ್ಟಿದ ಮರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಟಿಫರ್ ಎಂಬ ಜೀವಿಯನ್ನು ಬೇರೆಯಾಗಿ ಬೆಳೆಸಿ ಉಣಿಸಬೇಕು. ಕಷ್ಟವೆಲ್ಲ ಆ ಮೊದಲ ಕೆಲವು ದಿನಗಳದು. ಮೇಲೆ ಹೇಳಿದ ನನ್ನ ವಿದ್ಯಾರ್ಥಿಯ ಎರಡು ಮೀನುಗಳೂ ಹೀಗೆ ಬೆಳೆಸಿದವೇ. ಅವು ಕಡಲನ್ನು ಕಂಡೇ ಇಲ್ಲ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ತಳಿಸಂಪನ್ಮೂಲ ಸಂಸ್ಥೆಯವರು ತೊಟ್ಟಿಯಲ್ಲಿ ಸಾಕುವ ಅಲಂಕಾರದ ಕಡಲಜೀವಿಗಳನ್ನು ಬೆಳೆಸುವ ಕೆಲಸವನ್ನು ಅಲ್ಲಿಯ ಹೆಂಗಸರಿಗೆ ಕಲಿಸಿದ್ದಾರೆ. ಅಗತ್ತಿಯು ಅಮೀನ್‌ದೀವಿ ಗುಂಪಿನದಲ್ಲ, ಅದರ ನೆರೆಯ ಲಕ್ಕದೀವಿ ಗುಂಪಿನದು. ಅಲ್ಲಿಯೂ ಹೆಂಗಸರು ತಲೆಮಾರುಗಳಿಂದ ತೆಂಗಿನ ನಾರನ್ನು ಹೊಸೆದು ಹುರಿ ಮಾಡುತ್ತಿದ್ದವರು.